ವೇಗಕ್ಕೆ ಕಡಿವಾಣವೋ, ಒಳ್ಳೆಯ ರಸ್ತೆಯೋ, ಚಾಲಕರಿಗೆ ಪಾಠವೋ? ಪದೇ ಪದೇ ಕೇಳುವ ಪ್ರಶ್ನೆಗಳು

ಹೆದ್ದಾರಿಯಲ್ಲಿ ಅಪಘಾತ ಆದ ಸುದ್ದಿ ಬಂದಾಗಲೆಲ್ಲ ಮೂರು ಮಾತು ಕೇಳಿಬರುತ್ತವೆ. ‘ರಸ್ತೆಯೇ ಸರಿಯಿಲ್ಲ’, ‘ನಮ್ಮ ಜನಕ್ಕೆ ಗಾಡಿ ಓಡಿಸೋಕೇ ಬರಲ್ಲ’, ‘ಪೊಲೀಸರು ಏನು ಮಾಡ್ತಿದ್ದಾರೆ?’ ಮೂರರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ಮೂರೂ ಒಂದೇ ತೂಕದವಲ್ಲ. ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉದಾಹರಣೆಗೆ ಹೆಚ್ಚಾಗಿ ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ತೆಗೆದುಕೊಂಡಿದ್ದೇನೆ. ಹೊಸ ರಸ್ತೆಯಿಂದ ಏನಾಯಿತು, ವೇಗ ಹಿಡಿದದ್ದರಿಂದ ಏನಾಯಿತು ಅನ್ನುವುದು ಅಲ್ಲಿ ಒಂದೇ ಕಡೆ ಕಾಣಿಸುತ್ತದೆ.

ಸುತ್ತಿ ಬಳಸಿ ಬೇಡ, ನೇರವಾಗಿ ಹೇಳಿ. ಮೂರರಲ್ಲಿ ಯಾವುದು ಜೀವ ಉಳಿಸುತ್ತದೆ?

ಬೇಗ ಫಲ ಕೊಡುವುದು ವೇಗಕ್ಕೆ ಹಾಕುವ ಕಡಿವಾಣ. ಹೆಚ್ಚು ಕಾಲ ಉಳಿಯುವುದು ಚಾಲಕ ತಪ್ಪಿದರೂ ಜೀವ ಹೋಗದಂತೆ ಕಟ್ಟಿದ ರಸ್ತೆ. ಬರೀ ಪಾಠ ಹೇಳುವುದರಿಂದ ಆಗುವ ಲಾಭ ನಾವು ಅಂದುಕೊಂಡಿದ್ದಕ್ಕಿಂತ ತುಂಬಾ ಕಡಿಮೆ.

ಇನ್ನೂ ಒಂದು ಮಾತಿದೆ. ನುಣುಪಾದ, ಅಗಲವಾದ ರಸ್ತೆ ಮಾಡಿ ವೇಗವನ್ನು ಅದರ ಪಾಡಿಗೆ ಬಿಟ್ಟರೆ ಸಾವು ಕಡಿಮೆ ಆಗುವುದಿಲ್ಲ. ಎಷ್ಟೋ ಸಲ ಜಾಸ್ತಿಯೇ ಆಗುತ್ತದೆ.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ನಿಜಕ್ಕೂ ಏನಾಯಿತು?

ಸುಮಾರು 118 ಕಿಲೋಮೀಟರ್ ಉದ್ದದ ಈ ರಸ್ತೆ 2023ರ ಮಾರ್ಚ್ 12ರಂದು ಉದ್ಘಾಟನೆ ಆಯಿತು. ಮಧ್ಯೆ ಆರು ಪಥ, ಎರಡೂ ಬದಿ ಸೇರಿ ನಾಲ್ಕು ಪಥದ ಸರ್ವೀಸ್ ರಸ್ತೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಕ್ಕೂ ಬೈಪಾಸ್. ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಇಳಿಯಿತು. ಮದ್ದೂರು ವಡೆಗೆ ಗಾಡಿ ನಿಲ್ಲಿಸುವವರೂ ಕಡಿಮೆಯಾದರು.

ಹೊಸ ರಸ್ತೆ, ಹೊಸ ಡಾಂಬರು, ಸಿಗ್ನಲ್ ಇಲ್ಲ. ಆದರೂ ಹೆಣ ಬೀಳುವುದು ನಿಲ್ಲಲಿಲ್ಲ. 2023ರ ಜೂನ್ ಒಂದೇ ತಿಂಗಳಲ್ಲಿ 28 ಜನ ಸತ್ತರು. ಸರ್ವೀಸ್ ರಸ್ತೆಯಿಂದ ತಟ್ಟನೆ ನುಗ್ಗುವ ಬೈಕು, ಎದುರು ದಿಕ್ಕಿನಲ್ಲಿ ಬರುವ ಟ್ರ್ಯಾಕ್ಟರ್, ಬೇಲಿ ದಾಟಿ ಓಡುವ ಜನ, ಬಲ ಪಥದಲ್ಲೇ ಮೆಲ್ಲಗೆ ಹೋಗುವ ಲಾರಿ. ಇವುಗಳ ನಡುವೆ 140ರಲ್ಲಿ ಹೋಗುವ ಕಾರು.

ಜುಲೈಯಲ್ಲಿ ಪೊಲೀಸರು ರಾಡಾರ್ ಗನ್ ಹಿಡಿದು ನಿಂತರು. ಕಾರಿಗೆ 100 ಕಿಲೋಮೀಟರ್ ಮಿತಿ. ದಾಟಿದರೆ ದಂಡ. ಆ ತಿಂಗಳು ಸತ್ತವರು 8 ಜನ. ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥದಿಂದ ಹೊರಗಿಟ್ಟರು. ಬೇಲಿ, ಫಲಕ, ರಸ್ತೆ ಗುರುತುಗಳ ಕೆಲಸವೂ ಶುರುವಾಯಿತು. 2024ರಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು ಬಂದವು. ಆ ವರ್ಷದ ಆಗಸ್ಟ್‌ನಿಂದ 130 ದಾಟಿದವರ ಮೇಲೆ ರಾಜ್ಯದಲ್ಲಿ ಎಫ್‌ಐಆರ್ ಹಾಕುವುದಾಗಿ ಆಗ ಸಂಚಾರ ಮತ್ತು ರಸ್ತೆ ಸುರಕ್ಷತೆಯ ಎಡಿಜಿಪಿ ಆಗಿದ್ದ ಅಲೋಕ್ ಕುಮಾರ್ ಹೇಳಿದರು. ಪೊಲೀಸ್ ಇಲಾಖೆಯ ಲೆಕ್ಕದಲ್ಲಿ 2023ರಲ್ಲಿ ಈ ರಸ್ತೆಯಲ್ಲಿ ಸತ್ತವರು 188. 2024ರಲ್ಲಿ 50.

ಸಾವು ಇಳಿದದ್ದು ಬೈಕ್ ನಿಷೇಧಿಸಿದ್ದಕ್ಕೋ, ವೇಗ ಹಿಡಿದದ್ದಕ್ಕೋ?

ಒಳ್ಳೆಯ ಪ್ರಶ್ನೆ. ಎಲ್ಲವೂ ಒಟ್ಟಿಗೇ ಬಂದಿದ್ದರೆ ಬಿಡಿಸಿ ಹೇಳುವುದು ಕಷ್ಟವಾಗುತ್ತಿತ್ತು. ಆದರೆ ಇಲ್ಲಿ ದಿನಾಂಕಗಳು ನಮಗೆ ಸಹಾಯ ಮಾಡುತ್ತವೆ. 28ರಿಂದ 8ಕ್ಕೆ ಇಳಿದದ್ದು ಜುಲೈಯಲ್ಲಿ. ಆಗಿನ್ನೂ ಬೈಕ್‌ಗಳು ಮುಖ್ಯ ಪಥದಲ್ಲೇ ಓಡಾಡುತ್ತಿದ್ದವು. ರಸ್ತೆ ಅದೇ, ಚಾಲಕರು ಅವರೇ, ಡಿಎಲ್ ಕೂಡ ಅದೇ. ಬದಲಾದದ್ದು ಮುಖ್ಯವಾಗಿ ಒಂದೇ: ಜೋರಾಗಿ ಹೋದರೆ ಸಿಕ್ಕಿಬೀಳುತ್ತೇನೆ ಅನ್ನುವ ಭಯ.

ಹಾಗಂತ ಒಂದು ತಿಂಗಳ ಲೆಕ್ಕ ಹಿಡಿದು ಕುಣಿಯಬಾರದು. ತುಂಬಾ ಕೆಟ್ಟ ತಿಂಗಳಿನ ಮುಂದಿನ ತಿಂಗಳು ಸುಮ್ನೆ ಬಿಟ್ಟರೂ ಸ್ವಲ್ಪ ಸುಧಾರಿಸುವುದುಂಟು. ಅಂಕಿಅಂಶದವರಿಗೆ ಇದು ಗೊತ್ತಿರುವ ವಿಷಯ. ಆದರೆ ಮರುವರ್ಷವೂ ಇಳಿಕೆ ಉಳಿದುಕೊಂಡಿತು. ಅದಕ್ಕೆ ನಿಷೇಧ, ಬೇಲಿ, ಕ್ಯಾಮೆರಾ ಎಲ್ಲದರ ಪಾಲೂ ಇದೆ. ವೇಗ ಹಿಡಿದದ್ದು ಮೊದಲ ಪೆಟ್ಟು, ಉಳಿದವು ಅದನ್ನು ಗಟ್ಟಿ ಮಾಡಿದವು ಅಂತ ನನ್ನ ಲೆಕ್ಕಾಚಾರ.

ಬೈಕ್ ನಿಷೇಧಕ್ಕೆ ಇನ್ನೊಂದು ಮುಖವೂ ಇದೆ. ಮಂಡ್ಯದಿಂದ ಮದ್ದೂರಿಗೆ ದಿನಾ ಬೈಕಿನಲ್ಲಿ ಹೋಗುವವರು ಎಲ್ಲಿಗೂ ಮಾಯವಾಗಲಿಲ್ಲ, ಸರ್ವೀಸ್ ರಸ್ತೆಗೆ ಇಳಿದರು. ಅಲ್ಲಿ ದೀಪ, ತಿರುವು, ಮಳೆನೀರು ಹರಿಯುವ ದಾರಿ ಸರಿ ಇದೆಯಾ ಅಂತ ಕೇಳುವವರು ಮಾತ್ರ ಕಡಿಮೆ. ಮುಖ್ಯ ಪಥದ ಲೆಕ್ಕ ಚೆಂದ ಕಾಣುವಾಗ ಪಕ್ಕದ ರಸ್ತೆಯ ಲೆಕ್ಕವನ್ನೂ ಕೇಳಬೇಕು.

ರಸ್ತೆ ಚೆನ್ನಾಗಿದ್ದರೆ ಅಪಘಾತ ಕಡಿಮೆ ಆಗಬೇಕು ಅಲ್ವಾ?

‘ಚೆನ್ನಾಗಿದೆ’ ಅಂದರೆ ಏನು ಅನ್ನುವುದರ ಮೇಲೆ ನಿಂತಿದೆ. ನಮ್ಮ ಕಡೆ ಗುಂಡಿ ಇಲ್ಲದ, ಅಗಲವಾದ, ನೇರವಾದ ರಸ್ತೆಗೆ ಒಳ್ಳೆಯ ರಸ್ತೆ ಅನ್ನುತ್ತೇವೆ. ಓಡಿಸುವವನ ಸೊಂಟಕ್ಕೆ ಅದು ಒಳ್ಳೆಯದೇ. ಆದರೆ ಅಂಥ ರಸ್ತೆಯಲ್ಲಿ ಕಾಲು ತಾನಾಗೇ ಆಕ್ಸಿಲರೇಟರ್ ಒತ್ತುತ್ತದೆ. ಹಳೆಯ ಮೈಸೂರು ರಸ್ತೆಯಲ್ಲಿ ರಾಮನಗರದ ಸಿಗ್ನಲ್, ಚನ್ನಪಟ್ಟಣದ ಜನಸಂದಣಿ, ಮಂಡ್ಯದ ಪೇಟೆ ಸಿಗುತ್ತಿದ್ದವು. ಅವು ಕಿರಿಕಿರಿ ಕೊಡುತ್ತಿದ್ದವು, ಜತೆಗೆ ವೇಗವನ್ನೂ ಇಳಿಸುತ್ತಿದ್ದವು. ಗುಂಡಿ ಬಿದ್ದ ರಸ್ತೆಯಲ್ಲಿ ಬೈಕ್ ಸವಾರರು ಬಿದ್ದು ಸಾಯುವುದೂ ನಿಜ, ಗುಂಡಿ ಮುಚ್ಚಲೇಬೇಕು. ಆದರೆ ಡಾಂಬರು ಹಾಕಿದ ಮಾತ್ರಕ್ಕೆ ರಸ್ತೆ ಸುರಕ್ಷಿತ ಆಗಲಿಲ್ಲ.

ಹಾಗಾದರೆ ಸುರಕ್ಷಿತ ರಸ್ತೆ ಹೇಗಿರುತ್ತದೆ?

ಸ್ವೀಡನ್‌ನ ಕಥೆ ಹೇಳುತ್ತೇನೆ. 1997ರಲ್ಲಿ ಅಲ್ಲಿನ ಸಂಸತ್ತು ಒಂದು ನೀತಿಗೆ ಒಪ್ಪಿಗೆ ಕೊಟ್ಟಿತು. ಅದರ ತಿರುಳು ಇಷ್ಟೇ: ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಮರಣದಂಡನೆ ಆಗಬಾರದು. ಅಲ್ಲಿ 13 ಮೀಟರ್ ಅಗಲದ ಹೆದ್ದಾರಿಗಳಿದ್ದವು. ನಡುವೆ ಡಿವೈಡರ್ ಇಲ್ಲ. ಜನ ಓವರ್‌ಟೇಕ್ ಮಾಡಲು ಹೋಗಿ ಮುಖಾಮುಖಿ ಗುದ್ದಿ ಸಾಯುತ್ತಿದ್ದರು. ಅದೇ ಅಗಲದಲ್ಲಿ ಮೂರು ಪಥ ಮಾಡಿದರು. ಸ್ವಲ್ಪ ದೂರ ಈ ಕಡೆಯವರಿಗೆ ಎರಡು, ಆ ಕಡೆಯವರಿಗೆ ಒಂದು. ಮುಂದೆ ಹೋದಂತೆ ಅದಲು ಬದಲು. ನಡುವೆ ಉಕ್ಕಿನ ತಂತಿಯ ತಡೆ. ಅಂಥ ರಸ್ತೆಗಳಲ್ಲಿ ಸಾವು ಹತ್ತಿರ ಹತ್ತಿರ ಮುಕ್ಕಾಲು ಪಾಲು ಇಳಿಯಿತು. ಮಜಾ ಏನೆಂದರೆ ತಂತಿಗೆ ಗಾಡಿ ತಾಗಿಸಿಕೊಳ್ಳುವುದು ಜಾಸ್ತಿಯಾಯಿತು. ಬಂಪರ್ ಹೋಯಿತು, ಜೀವ ಉಳಿಯಿತು.

ನಮ್ಮ ದೇಶದಲ್ಲೇ ಬೇಕೆಂದರೆ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ನೋಡಿ. 2016ರಲ್ಲಿ ರಸ್ತೆ ಸುರಕ್ಷತೆಗಾಗಿ ದುಡಿಯುವ ಸೇವ್‌ಲೈಫ್ ಫೌಂಡೇಶನ್ ಮತ್ತು ಮಹಾರಾಷ್ಟ್ರದ ರಸ್ತೆ ನಿಗಮ ಸೇರಿ ಅಲ್ಲಿ ಕೆಲಸ ಶುರು ಮಾಡಿದವು. ರಸ್ತೆ ಬದಿಯ ಕಾಂಕ್ರೀಟ್ ಕಂಬಗಳ ಮುಂದೆ ತಡೆಗೋಡೆ ಹಾಕಿದರು, ಡಿವೈಡರ್‌ನಲ್ಲಿದ್ದ ಕಿಂಡಿಗಳನ್ನು ಮುಚ್ಚಿದರು. ನಿಂತ ಲಾರಿಗಳನ್ನು ಬೇಗ ಎತ್ತಿದರು. ಪೊಲೀಸ್ ತಪಾಸಣೆ, ಆಂಬುಲೆನ್ಸ್ ವ್ಯವಸ್ಥೆ ಬಿಗಿ ಮಾಡಿದರು. ಕೆಲವೇ ವರ್ಷದಲ್ಲಿ ಸಾವಿನ ಸಂಖ್ಯೆ ಅರ್ಧಕ್ಕಿಂತ ಕೆಳಗೆ ಬಂತು. ಇದರಲ್ಲಿ ಯಾವುದೂ ಹೊಸ ರಸ್ತೆ ಕಟ್ಟುವಷ್ಟು ಖರ್ಚಿನ ಕೆಲಸವಲ್ಲ.

ಡಿವೈಡರ್ ಕಿಂಡಿ ಅಂದೆನಲ್ಲ, ಅದನ್ನು ಒಮ್ಮೆ ಹತ್ತಿರದಿಂದ ನೋಡಿ. ಯಾವುದೇ ಹೆದ್ದಾರಿಯಲ್ಲಿ ಹಳ್ಳಿ ಬಂದ ಕಡೆ ಬೇಲಿಯ ಒಂದು ಸರಳು ಬಾಗಿರುತ್ತದೆ. ಅದರ ಎರಡೂ ಬದಿ ಹುಲ್ಲು ಸವೆದು ಕಾಲುದಾರಿ ಬಿದ್ದಿರುತ್ತದೆ. ಹಾಲಿನ ಡೇರಿ ಆ ಕಡೆ, ಮನೆ ಈ ಕಡೆ. ಅಂಡರ್‌ಪಾಸ್ ಬೇಕಾದರೆ ಬಹಳ ದೂರ ನಡೆಯಬೇಕು, ಮಳೆ ಬಂದರೆ ಅಲ್ಲಿ ಮೊಣಕಾಲುದ್ದ ನೀರು. ಕ್ಯಾನ್ ಹಿಡಿದ ಹೆಂಗಸು ಬೇಲಿ ನುಸುಳದೆ ಇನ್ನೇನು ಮಾಡಿಯಾರು? ಆ ಕಾಲುದಾರಿ ಇರುವ ಜಾಗವೇ ಅಂಡರ್‌ಪಾಸ್ ಇರಬೇಕಾಗಿದ್ದ ಜಾಗ. ‘ಜನಕ್ಕೆ ಶಿಸ್ತಿಲ್ಲ’ ಅಂತ ಬೈಯುವ ಮೊದಲು ಎಂಜಿನಿಯರುಗಳು ಇಂಥ ಕಾಲುದಾರಿಗಳನ್ನು ಎಣಿಸಿದರೆ ಸಾಕು, ನಕ್ಷೆ ತಾನೇ ಸಿಗುತ್ತದೆ.

80ಕ್ಕೂ 100ಕ್ಕೂ ಏನು ಮಹಾ ವ್ಯತ್ಯಾಸ?

ಲೆಕ್ಕ ಹಾಕೋಣ. ಎದುರಿಗೆ ದನ ಬಂತು ಅಂದುಕೊಳ್ಳಿ. ಕಣ್ಣು ನೋಡಿ, ತಲೆಗೆ ಹೊಳೆದು, ಕಾಲು ಬ್ರೇಕ್ ಮೇಲೆ ಹೋಗಲು ಸುಮಾರು ಒಂದೂವರೆ ಸೆಕೆಂಡು ಬೇಕು. 80ರ ವೇಗದಲ್ಲಿ ಅಷ್ಟರಲ್ಲೇ ಗಾಡಿ 33 ಮೀಟರ್ ಹೋಗಿರುತ್ತದೆ. ಆಮೇಲೆ ಒಣ ರಸ್ತೆ, ಒಳ್ಳೆಯ ಟೈರ್ ಇದ್ದರೆ ಬ್ರೇಕ್ ಹಿಡಿದು ನಿಲ್ಲಲು ಇನ್ನೊಂದು 36 ಮೀಟರ್. ಒಟ್ಟು 69.

100ರಲ್ಲಿ ಬಂದವನು ಬ್ರೇಕ್ ಮುಟ್ಟುವ ಹೊತ್ತಿಗೇ 42 ಮೀಟರ್ ದಾಟಿರುತ್ತಾನೆ. ಪೂರ್ತಿ ನಿಲ್ಲಲು ಅವನಿಗೆ 98 ಮೀಟರ್ ಬೇಕು. ಮೊದಲನೆಯವನು ನಿಂತ ಆ 69ನೇ ಮೀಟರ್‌ನಲ್ಲಿ ಇವನು ಇನ್ನೂ ಎಷ್ಟು ವೇಗದಲ್ಲಿ ಇರುತ್ತಾನೆ ಗೊತ್ತಾ? ಸುಮಾರು 70 ಕಿಲೋಮೀಟರ್. ಬರೀ 20 ಜಾಸ್ತಿ ಅಂದುಕೊಂಡವನು 70ರಲ್ಲಿ ಹೋಗಿ ಗುದ್ದುತ್ತಾನೆ. ವೇಗ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ ಅಂತ ಹೈಸ್ಕೂಲಿನಲ್ಲಿ ಓದಿದ್ದೆವಲ್ಲ, ಅದೇ ಇದು.

ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವಿನ ಅಪಘಾತಗಳು ಸುಮಾರು ಶೇ 4ರಷ್ಟು ಏರುತ್ತವೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಿರುಗಿಸಿ ನೋಡಿದರೆ, ಸರಾಸರಿ ಸ್ವಲ್ಪ ಇಳಿದರೂ ತುಂಬಾ ಜೀವ ಉಳಿಯುತ್ತದೆ.

ಜೋರಾಗಿ ಹೋದರೆ ಎಷ್ಟು ಹೊತ್ತು ಉಳಿಯುತ್ತದೆ?

118 ಕಿಲೋಮೀಟರನ್ನು 100ರಲ್ಲಿ ಹೋದರೆ 71 ನಿಮಿಷ. 120ರಲ್ಲಿ ಹೋದರೆ 59. ಉಳಿಯುವುದು 12 ನಿಮಿಷ. ಅದನ್ನು ಕೆಂಗೇರಿಯ ಟ್ರಾಫಿಕ್ ಬಡ್ಡಿ ಸಮೇತ ವಾಪಸ್ ತೆಗೆದುಕೊಳ್ಳುತ್ತದೆ.

ನನ್ನ ಕಾರಿಗೆ ಎಬಿಎಸ್, ಆರು ಏರ್‌ಬ್ಯಾಗ್, ಒಳ್ಳೆಯ ರೇಟಿಂಗ್ ಎಲ್ಲ ಇದೆ. ಆದರೂ ಹೆದರಬೇಕಾ?

ನೀವು ಸ್ವಲ್ಪ ಕಡಿಮೆ ಹೆದರಬಹುದು. ನಿಮ್ಮ ಕಾರಿನ ಮುಂದೆ ಬರುವ ಬೈಕಿನವರಿಗೆ ಏರ್‌ಬ್ಯಾಗ್ ಇಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಶೇ 44ಕ್ಕಿಂತ ಜಾಸ್ತಿ ದ್ವಿಚಕ್ರ ವಾಹನದವರು. ನಡೆದು ಹೋಗುವವರು ಶೇ 19ಕ್ಕಿಂತ ಜಾಸ್ತಿ. ಕಾರಿನೊಳಗೆ ಇದ್ದವರ ಪಾಲು ಇವೆರಡಕ್ಕಿಂತಲೂ ಕಡಿಮೆ.

ಇನ್ನು ಬೆಲ್ಟ್. 2022ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಅವರಿದ್ದದ್ದು ದುಬಾರಿ, ಗಟ್ಟಿ ಕಾರಿನಲ್ಲೇ. ಹಿಂದೆ ಕೂತಿದ್ದ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ, ಇಬ್ಬರೂ ಉಳಿಯಲಿಲ್ಲ. ಮುಂದೆ ಕೂತಿದ್ದ ಇಬ್ಬರು ಬದುಕಿದರು. ಹಿಂದಿನ ಸೀಟಿಗೂ ಬೆಲ್ಟ್ ಇದೆ, ಸೀಟಿನ ಸಂದಿಯಿಂದ ಎಳೆದು ತೆಗೆಯಿರಿ.

ಜರ್ಮನಿಯಲ್ಲಿ ವೇಗಕ್ಕೆ ಮಿತಿಯೇ ಇಲ್ಲವಂತೆ, ಅಲ್ಲಿ ಜನ ಸಾಯಲ್ವಾ?

ಅಲ್ಲಿನ ಹೆದ್ದಾರಿಗಳಾದ ಆಟೊಬಾನ್‌ನಲ್ಲಿ ಎಲ್ಲೂ ಮಿತಿ ಇಲ್ಲ ಅನ್ನುವುದು ತಪ್ಪು. ಹಲವು ಕಡೆ ಮಿತಿ ಇದೆ, ಇಲ್ಲದ ಕಡೆ 130 ಅಂತ ಸಲಹೆ ಇದೆ. ಅಲ್ಲಿ ಬೈಪಾಸ್ ಮಧ್ಯೆ ಎಮ್ಮೆ ಬರುವುದಿಲ್ಲ, ಎದುರು ದಿಕ್ಕಿನ ಆಟೊ ಬರುವುದಿಲ್ಲ. ಲೈಸೆನ್ಸ್ ಬೇಕಾದರೆ ಹೆದ್ದಾರಿಯಲ್ಲಿ, ಊರ ಹೊರಗೆ, ಕತ್ತಲಲ್ಲಿ ಇಂತಿಷ್ಟು ಗಂಟೆ ಓಡಿಸಲೇಬೇಕು. ಅಷ್ಟಾದರೂ ಮಿತಿ ಹಾಕಬೇಕೋ ಬೇಡವೋ ಅಂತ ಜರ್ಮನ್ನರೇ ವರ್ಷಗಟ್ಟಲೆ ಜಗಳ ಆಡುತ್ತಿದ್ದಾರೆ. ಅಲ್ಲಿಂದ ತರುವುದಿದ್ದರೆ ಲೈಸೆನ್ಸ್ ಪದ್ಧತಿಯನ್ನು ತರೋಣ.

ಅಪಘಾತಕ್ಕೆಲ್ಲ ‘ಅತಿವೇಗ’ ಅಂತಲೇ ಬರೆಯುತ್ತಾರಲ್ಲ, ಅದು ನಿಜವೇ?

ಅನುಮಾನ ಪಡುವುದು ಸರಿಯೇ. 2022ರಲ್ಲಿ ಶೇ 71ರಷ್ಟು ಸಾವುಗಳಿಗೆ ಅತಿವೇಗ ಕಾರಣ ಅಂತ ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಆದರೆ ಆ ಅಂಕಿ ಹುಟ್ಟುವುದು ಠಾಣೆಯಲ್ಲಿ. ನಮ್ಮ ಎಫ್‌ಐಆರ್‌ಗಳನ್ನು ಓದಿದವರಿಗೆ ಗೊತ್ತು: ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿಕೊಂಡು ಬಂದು’ ಅನ್ನುವ ಸಾಲು ಅಚ್ಚು ಹಾಕಿದ ಹಾಗೆ ಎಲ್ಲದರಲ್ಲೂ ಇರುತ್ತದೆ. ಗಾಡಿ ನಿಜಕ್ಕೂ ಎಷ್ಟು ವೇಗದಲ್ಲಿತ್ತು ಅಂತ ಅಳೆದು ಬರೆದದ್ದು ಅಪರೂಪ. ದೀಪ ಇಲ್ಲದ ತಿರುವು, ಫಲಕ ಇಲ್ಲದ ಉಬ್ಬು, ಕತ್ತಲಲ್ಲಿ ನಿಂತ ಲಾರಿ, ಇವ್ಯಾವುವೂ ಆ ಸಾಲಿನಲ್ಲಿ ಬರುವುದಿಲ್ಲ.

ಹಾಗಾಗಿ ನಾನು ಆ ಶೇ 71ನ್ನು ನೆಚ್ಚಿಕೊಂಡು ಏನನ್ನೂ ವಾದಿಸುವುದಿಲ್ಲ. ವೇಗ ಕೊಲ್ಲುತ್ತದೆ ಅನ್ನಲು ಮೇಲಿನ 69 ಮೀಟರ್‌ನ ಲೆಕ್ಕವೇ ಸಾಕು.

ಕ್ಯಾಮೆರಾ ಹಾಕುವುದು ದುಡ್ಡು ಮಾಡಲು ಅಲ್ವಾ?

ದುಡ್ಡು ಬರುವುದು ನಿಜ. ಕೆಲಸ ಮಾಡುವುದೂ ನಿಜ. ಬೇರೆ ಬೇರೆ ದೇಶಗಳ 35 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಕೊಕ್ರೇನ್ ಪರಿಶೀಲನೆ 2010ರಲ್ಲಿ ಬಂತು (ಕೊಕ್ರೇನ್ ಅಂದರೆ ಆರೋಗ್ಯದ ಅಧ್ಯಯನಗಳನ್ನು ಒಟ್ಟು ಮಾಡಿ ತೂಗಿ ನೋಡುವ ಸಂಸ್ಥೆ). ಕ್ಯಾಮೆರಾ ಇರುವ ಕಡೆ ಸಾವು ಮತ್ತು ಗಂಭೀರ ಗಾಯದ ಅಪಘಾತಗಳು ಶೇ 11ರಿಂದ 44ರವರೆಗೆ ಇಳಿದಿದ್ದವು. ಆ ಅಧ್ಯಯನಗಳ ಗುಣಮಟ್ಟ ಇನ್ನೂ ಚೆನ್ನಾಗಿರಬೇಕಿತ್ತು ಅಂತ ಅವರೇ ಹೇಳಿದ್ದಾರೆ. ಆದರೆ ಎಲ್ಲವೂ ಒಂದೇ ದಿಕ್ಕು ತೋರಿಸುತ್ತವೆ.

ಸುಲಿಗೆಯೋ ಸುರಕ್ಷತೆಯೋ ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಕ್ಯಾಮೆರಾ ಮುಂದೆ ಇದೆ ಅಂತ ದೊಡ್ಡ ಫಲಕ ಹಾಕಿದ್ದಾರಾ? ವೇಗದ ಮಿತಿ ಎಷ್ಟು ಅಂತ ಬರೆದಿದ್ದಾರಾ? ಅಪಘಾತ ಆಗುವ ಜಾಗದಲ್ಲಿ ಇಟ್ಟಿದ್ದಾರಾ, ಇಳಿಜಾರಿನಲ್ಲಿ ಮರದ ಮರೆಗೆ ಇಟ್ಟಿದ್ದಾರಾ? 2021ರ ಕೇಂದ್ರ ನಿಯಮದಲ್ಲೇ ಎಚ್ಚರಿಕೆ ಫಲಕ ಇರಬೇಕು, ಉಲ್ಲಂಘನೆಯ ನೋಟಿಸ್ 15 ದಿನದೊಳಗೆ ಕಳಿಸಬೇಕು ಅಂತ ಇದೆ. ಫಲಕ ಇಲ್ಲದಿದ್ದರೆ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಫಲಕ ಇದ್ದೂ ದಂಡ ಬಿದ್ದಿದ್ದರೆ, ಅಣ್ಣಾ, ಕಟ್ಟಿಬಿಡಿ.

ಕ್ಯಾಮೆರಾ ಹತ್ತಿರ ಬ್ರೇಕ್, ದಾಟಿದ ಮೇಲೆ ಮತ್ತೆ ಆಕ್ಸಿಲರೇಟರ್. ಇದರಿಂದ ಏನು ಪ್ರಯೋಜನ?

ಮ್ಯಾಪ್ ಆ್ಯಪ್ ಮುಂಚೆಯೇ ಹೇಳಿಬಿಡುತ್ತದೆ, 130ರಲ್ಲಿದ್ದವನು ತಟ್ಟನೆ 95ಕ್ಕೆ ಇಳಿಯುತ್ತಾನೆ, ಹಿಂದೆ ಬರುತ್ತಿದ್ದವನು ಹಾರ್ನ್ ಹೊಡೆಯುತ್ತಾನೆ. ಕ್ಯಾಮೆರಾ ದಾಟಿದರೆ ಮತ್ತೆ ಅದೇ ಓಟ. ಇದಕ್ಕೆ ಮದ್ದು ಇದೆ. ಎರಡು ಕಡೆ ಕ್ಯಾಮೆರಾ ಇಟ್ಟು, ನಡುವಿನ ದೂರವನ್ನು ಎಷ್ಟು ಹೊತ್ತಿನಲ್ಲಿ ದಾಟಿದಿರಿ ಅಂತ ನೋಡಿ ಸರಾಸರಿ ವೇಗ ಹಿಡಿಯುವುದು. ಯುರೋಪಿನ ಹಲವು ದೇಶಗಳಲ್ಲಿ ಈ ಪದ್ಧತಿ ಇದೆ. ಟೋಲ್ ಗೇಟ್‌ಗಳಿರುವ ರಸ್ತೆಗೆ ಇದು ಹೇಳಿ ಮಾಡಿಸಿದ ಹಾಗಿದೆ.

ದಂಡವನ್ನು ಹತ್ತು ಪಟ್ಟು ಮಾಡಿದರೆ ಎಲ್ಲರೂ ಸರಿಹೋಗುತ್ತಾರೆ ಅಲ್ವಾ?

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು ದಂಡ ಏರಿಸಿದರು. ಗಲಾಟೆ ಆಯಿತು. ಅದೇ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಹಲವು ದಂಡಗಳನ್ನು ಇಳಿಸಿತು. ಹೆಲ್ಮೆಟ್ ಇಲ್ಲದಿದ್ದರೆ 1,000 ಇದ್ದದ್ದು 500 ಆಯಿತು.

ದಂಡದ ಮೊತ್ತಕ್ಕಿಂತ ಮುಖ್ಯ ಸಿಕ್ಕಿಬೀಳುವ ಖಾತ್ರಿ. ನೂರು ಸಲದಲ್ಲಿ ಒಮ್ಮೆ 5,000 ಕಟ್ಟುವುದಕ್ಕಿಂತ ಪ್ರತಿ ಸಲ 500 ಕಟ್ಟಬೇಕಾಗುತ್ತದೆ ಅನ್ನುವುದೇ ಜನರನ್ನು ತಿದ್ದುತ್ತದೆ. ಈ ಲೆಕ್ಕದಲ್ಲಿ ನಮ್ಮ ರಾಜ್ಯ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡಿದೆ. 2023ರಲ್ಲಿ ಬಾಕಿ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟರು. 2025ರಲ್ಲಿ ಮತ್ತೆ ಕೊಟ್ಟರು. ಕೌಂಟರ್ ಮುಂದೆ ಆಷಾಢ ಸೇಲ್ ಥರ ಸಾಲು ನಿಂತಿತು. ಖಜಾನೆಗೆ ದುಡ್ಡು ಬಂತು, ಸರಿ. ಆದರೆ ನೋಟಿಸ್ ಬಂದ ತಕ್ಷಣ ಕಟ್ಟಿದವನು ಪೆದ್ದ, ಕಾದವನು ಜಾಣ ಅನ್ನುವ ಪಾಠವನ್ನೂ ಜನ ಕಲಿತರು.

ಚಾಲಕರಿಗೆ ತರಬೇತಿ ಕೊಡುವುದರಿಂದ ಪ್ರಯೋಜನವೇ ಇಲ್ವಾ?

ಎಲ್ಲರಿಗೂ ಇಷ್ಟವಾಗುವ ಪರಿಹಾರ ಇದೇ. ಯಾರಿಗೂ ನೋವಾಗುವುದಿಲ್ಲ, ಬ್ಯಾನರ್ ಕಟ್ಟಬಹುದು, ಫೋಟೊ ತೆಗೆಸಬಹುದು. ಆದರೆ ಪುರಾವೆ ನೋಡಿದರೆ ಬೇಜಾರಾಗುತ್ತದೆ.

ಅಮೆರಿಕದ ಜಾರ್ಜಿಯಾ ರಾಜ್ಯದ ಡಿಕಾಬ್ ಕೌಂಟಿಯಲ್ಲಿ 1970ರ ದಶಕದ ಕೊನೆಯಲ್ಲಿ ಒಂದು ದೊಡ್ಡ ಪ್ರಯೋಗ ಶುರುವಾಯಿತು. ಸುಮಾರು 16,000 ಹೈಸ್ಕೂಲ್ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಭರ್ಜರಿ ತರಬೇತಿ, ಇನ್ನೊಂದಕ್ಕೆ ಅಷ್ಟಕ್ಕಷ್ಟೇ, ಮೂರನೆಯದಕ್ಕೆ ಏನೂ ಇಲ್ಲ. ಶುರುವಿನ ಕೆಲವು ತಿಂಗಳು ಸ್ವಲ್ಪ ವ್ಯತ್ಯಾಸ ಕಂಡಿತು, ಆಮೇಲೆ ಕರಗಿಹೋಯಿತು. ನಾರ್ವೆಯಲ್ಲಿ ಜಾರುವ ರಸ್ತೆಯಲ್ಲಿ ಗಾಡಿ ಹಿಡಿತಕ್ಕೆ ತರುವ ತರಬೇತಿಯನ್ನು 1979ರಲ್ಲಿ ಕಡ್ಡಾಯ ಮಾಡಿದರು. ಹುಡುಗರ ಅಪಘಾತ ಇಳಿಯುವ ಬದಲು ಏರಿತು. ಕಾರಣ ಊಹಿಸಬಹುದು. ‘ನನಗೆ ಬರುತ್ತೆ’ ಅನ್ನುವ ಧೈರ್ಯ ಬಂತು, ವೇಗ ಜಾಸ್ತಿಯಾಯಿತು. ಲೈಸೆನ್ಸ್ ಆದ ಮೇಲೆ ಕೊಡುವ ತರಬೇತಿಯ ಬಗ್ಗೆಯೂ ಕೊಕ್ರೇನ್ ಪರಿಶೀಲನೆ ಇದೆ. ಅದರಿಂದ ಗಾಯ, ಸಾವು ತಪ್ಪುತ್ತದೆ ಅನ್ನಲು ಗಟ್ಟಿ ಆಧಾರ ಸಿಗಲಿಲ್ಲ.

ಯಾಕೆ ಹೀಗೆ? 140ರಲ್ಲಿ ಹೋಗುವವನಿಗೆ 100 ಮಿತಿ ಅಂತ ಗೊತ್ತಿಲ್ಲದೆ ಹೋಗುತ್ತಿಲ್ಲ. ಗೊತ್ತಿದ್ದೂ ಹೋಗುತ್ತಿದ್ದಾನೆ. ಗೊತ್ತಿರುವುದನ್ನೇ ಮತ್ತೆ ಹೇಳಿದರೆ ಅವನು ಯಾಕೆ ಬದಲಾಗಬೇಕು?

ಫಲ ಕೊಟ್ಟದ್ದು ಬೇರೆ ಥರದ ಏರ್ಪಾಡು. ನ್ಯೂಜಿಲೆಂಡ್ 1987ರಲ್ಲಿ ಹಂತ ಹಂತದ ಲೈಸೆನ್ಸ್ ತಂದಿತು. ಹೊಸಬರು ಮೊದಮೊದಲು ರಾತ್ರಿ ಒಬ್ಬರೇ ಓಡಿಸುವಂತಿಲ್ಲ, ಗೆಳೆಯರನ್ನು ತುಂಬಿಕೊಂಡು ಹೋಗುವಂತಿಲ್ಲ. ಅನುಭವ ಬಂದ ಹಾಗೆ ಕಟ್ಟು ಸಡಿಲವಾಗುತ್ತದೆ. ಆಮೇಲೆ ಆಸ್ಟ್ರೇಲಿಯಾ, ಅಮೆರಿಕದ ರಾಜ್ಯಗಳೂ ಇದನ್ನು ಹಿಡಿದವು, ಎಳೆಯರ ಅಪಘಾತ ಇಳಿಯಿತು. ಇದನ್ನು ಪಾಠ ಅನ್ನುವುದಕ್ಕಿಂತ ಅಪಾಯದಿಂದ ದೂರ ಇಡುವುದು ಅನ್ನಬೇಕು.

ಅಂದರೆ ನಮ್ಮ ಡ್ರೈವಿಂಗ್ ಟೆಸ್ಟ್ ಹೀಗೇ ಇದ್ದರೂ ಪರವಾಗಿಲ್ವಾ?

ಖಂಡಿತ ಇಲ್ಲ. ಮೇಲಿನ ಅಧ್ಯಯನಗಳೆಲ್ಲ ಮೊದಲೇ ಒಂದು ಮಟ್ಟದ ಟೆಸ್ಟ್ ಇದ್ದ ದೇಶಗಳವು. ನಮ್ಮಲ್ಲಿ ಎಲ್‌ಎಲ್‌ಆರ್ ಆಗಿ ಒಂದು ತಿಂಗಳು ಕಳೆದರೆ ಟೆಸ್ಟ್‌ಗೆ ಹೋಗಬಹುದು. ಬೈಕ್ ಆದರೆ ಕಾಲು ಕೆಳಗಿಡದೆ ‘ಎಂಟು’ ಹಾಕಬೇಕು. ಆ ಎಂಟನ್ನು ಹತ್ತು ಕಿಲೋಮೀಟರ್ ವೇಗದಲ್ಲಿ, ಮೊದಲ ಗೇರಿನಲ್ಲಿ, ಉಸಿರು ಬಿಗಿಹಿಡಿದು ಹಾಕುತ್ತಾರೆ. ಮರುವಾರ ಅದೇ ಹುಡುಗ ಹೆದ್ದಾರಿಯಲ್ಲಿ ಲಾರಿ ಹಿಂದೆ ಇರುತ್ತಾನೆ. ಪಥ ಬದಲಿಸುವಾಗ ಕನ್ನಡಿ ನೋಡುವುದು, ಮುಂದಿನ ಗಾಡಿಯಿಂದ ದೂರ ಇಡುವುದು, ಲಾರಿ ಚಾಲಕನಿಗೆ ತಾನು ಕಾಣಿಸುತ್ತಿದ್ದೇನಾ ಅಂತ ಯೋಚಿಸುವುದು, ಇವುಗಳನ್ನು ಯಾರೂ ಕೇಳಿರುವುದಿಲ್ಲ.

ಬೆಂಗಳೂರಿನ ಜ್ಞಾನಭಾರತಿಯಲ್ಲಿ ಸೆನ್ಸರ್ ಇರುವ ಟೆಸ್ಟ್ ಟ್ರ್ಯಾಕ್ ಇದೆ. ಅಂಥವು ಬೇರೆ ಕಡೆಯೂ ಬರುತ್ತಿವೆ. ಏಜೆಂಟ್ ಪ್ರಭಾವ ಕಡಿಮೆ ಮಾಡಲು ಅದು ಒಳ್ಳೆಯದು. ಆದರೆ ಸೆನ್ಸರ್ ನೋಡುವುದೂ ಗೆರೆ ಮುಟ್ಟಿತಾ ಇಲ್ವಾ ಅನ್ನುವುದನ್ನೇ.

ಹದಿನೆಂಟು ತುಂಬದ ಮಗನಿಗೆ ಸ್ಕೂಟರ್ ಕೊಟ್ಟರೆ?

2019ರ ತಿದ್ದುಪಡಿಯ ಪ್ರಕಾರ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಅದು ಮಗನಿಗಲ್ಲ, ಕೊಟ್ಟವರಿಗೆ.

ಊರೊಳಗೆ ಹಂಪ್ ಹಾಕಿಸಿದರೆ ಸಾಕಾಗಲ್ವಾ?

ಸರಿಯಾಗಿ ಹಾಕಿದರೆ ಹಂಪ್‌ನಷ್ಟು ನಿಯತ್ತಿನ ಪೊಲೀಸ್ ಇನ್ನೊಬ್ಬನಿಲ್ಲ. ರಸ್ತೆಗಳ ಮಾನದಂಡ ಗೊತ್ತು ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆ ಕೊಟ್ಟಿದೆ: ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. 25ರ ವೇಗದಲ್ಲಿ ಆರಾಮಾಗಿ ದಾಟಬಹುದು, ಜಾಸ್ತಿ ಇದ್ದರೆ ಮಾತ್ರ ಎತ್ತಿ ಹಾಕುತ್ತದೆ. ನಮ್ಮಲ್ಲಿ ಕಾಣುವುದು ಬೇರೆ. ಒಂದು ಅಪಘಾತ ಆದ ರಾತ್ರಿ ಊರಿನವರು ಸಿಟ್ಟಿಗೆದ್ದು ಒಂದು ಅಡಿ ಅಗಲದ ಗೋಡೆಯನ್ನೇ ರಸ್ತೆಗೆ ಅಡ್ಡ ಕಟ್ಟುತ್ತಾರೆ. ಬಣ್ಣ ಇಲ್ಲ, ಫಲಕ ಇಲ್ಲ. ಮೊದಲ ಬಲಿ ಯಾವುದೋ ಬೈಕಿನ ಹಿಂದೆ ಕೂತ ಅಜ್ಜಿ. ಹಂಪ್ ಬೇಕು ಅಂತ ಅರ್ಜಿ ಕೊಡುವಾಗ ಅಳತೆ, ಬಣ್ಣ, ಫಲಕ ಮೂರನ್ನೂ ಬರೆದು ಕೊಡಿ. ಹೆದ್ದಾರಿಯ ಮೇಲೆ ಮಾತ್ರ ಹಂಪ್ ಕೇಳಬೇಡಿ, ಅದು ಅಲ್ಲಿಗೆ ಸಲ್ಲದು.

ನಮ್ಮೂರ ತಿರುವಿನಲ್ಲಿ ಪದೇ ಪದೇ ಅಪಘಾತ ಆಗುತ್ತಿದೆ. ಯಾರಿಗೆ ಹೇಳಬೇಕು?

ಮೊದಲು ಅದು ಯಾರ ರಸ್ತೆ ಅಂತ ತಿಳಿದುಕೊಳ್ಳಿ. ರಾಷ್ಟ್ರೀಯ ಹೆದ್ದಾರಿ ಆದರೆ 1033ಕ್ಕೆ ಕರೆ ಮಾಡಬಹುದು. ರಾಜ್ಯ ಹೆದ್ದಾರಿ ಆದರೆ ಲೋಕೋಪಯೋಗಿ ಇಲಾಖೆ. ಯಾವುದೇ ಆದರೂ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಒಂದು ಅರ್ಜಿ ಹೋಗಲಿ.

‘ತುಂಬಾ ಅಪಘಾತ ಆಗುತ್ತಿದೆ, ಕ್ರಮ ಕೈಗೊಳ್ಳಿ’ ಅಂತ ಬರೆದರೆ ಫೈಲು ಮಲಗುತ್ತದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಬ್ಲ್ಯಾಕ್ ಸ್ಪಾಟ್, ಅಂದರೆ ಪದೇ ಪದೇ ಅಪಘಾತ ಆಗುವ ಜಾಗ, ಅನ್ನಲು ಒಂದು ಲೆಕ್ಕ ಇದೆ: ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷದೊಳಗೆ ಸಾವು ಅಥವಾ ಗಂಭೀರ ಗಾಯದ 5 ಅಪಘಾತ, ಇಲ್ಲವೇ 10 ಸಾವು. ಠಾಣೆಯಿಂದ ಆ ಜಾಗದ ಎಫ್‌ಐಆರ್‌ಗಳ ದಿನಾಂಕ ತೆಗೆಸಿ, ಪಟ್ಟಿ ಮಾಡಿ ಹಚ್ಚಿ. ಗಂಭೀರ ಗಾಯದವನ್ನೂ ಸೇರಿಸಿ, ಜನ ಸಾವನ್ನಷ್ಟೇ ಎಣಿಸಿ ಬಿಡುತ್ತಾರೆ. ರಸ್ತೆಯ ವಿನ್ಯಾಸ, ಕಾಮಗಾರಿ, ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಸಂಬಂಧಪಟ್ಟ ಪ್ರಾಧಿಕಾರ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಅಂತ ಮೋಟಾರು ವಾಹನ ಕಾಯ್ದೆಯ 198ಎ ಕಲಂ ಹೇಳುತ್ತದೆ. ಅರ್ಜಿಯಲ್ಲಿ ಆ ಕಲಂ ಹೆಸರು ಇದ್ದರೆ ಓದುವವರು ಸ್ವಲ್ಪ ನೆಟ್ಟಗೆ ಕೂರುತ್ತಾರೆ. ಹಗಲು ಒಂದು, ರಾತ್ರಿ ಒಂದು ಫೋಟೊ ಇಡಿ. ರಾತ್ರಿಯದ್ದನ್ನು ಚಾಲಕನ ಕಣ್ಣಿನ ಎತ್ತರದಿಂದ, ಹೆಡ್‌ಲೈಟ್ ಬೆಳಕಿನಲ್ಲೇ ತೆಗೆಯಿರಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿ.